ದನದ ಹೊಟ್ಟೆಯ ಊತವೆಲ್ಲ ಕೀವಲ್ಲ

ಸಿಂಧನೂರಿನ ಕಾಲುವೆ ಸೀಮೆಯಲ್ಲಿ ಭತ್ತದ ಹುಲ್ಲು, ಮಸ್ಕಿ ಹಾಗೂ ಲಿಂಗಸುಗೂರಿನ ಎರೆಹೊಲಗಳಲ್ಲಿ ಜೋಳದ ಕಣಿಕೆ ದನಕರುಗಳ ನಿತ್ಯದ ಮೇವು. ಈ ಒರಟು ಮೇವು ನಿಧಾನವಾಗಿ ಜೀರ್ಣವಾಗುವುದರಿಂದ ಎಡಮಗ್ಗುಲನ್ನು ತುಂಬಿರುವ ಮೊದಲ ಜಠರವು ಸದಾ ಭಾರವಾಗಿರುತ್ತದೆ. ಬೆಳೆದ ಹಸುವಿನಲ್ಲಿ ಅದು 100 ಲೀಟರಿಗೂ ಹೆಚ್ಚು ಹಿಡಿಯಬಲ್ಲದು. ಪಕ್ಕೆಲುಬುಗಳಾಚೆ ಈ ಭಾರಕ್ಕೆ ಮೂಳೆಯ ಆಸರೆಯಿಲ್ಲ. ಅದನ್ನು ಹೊರುವುದು ಉದರಭಿತ್ತಿ.

ಮಗ್ಗುಲಿನ ಚರ್ಮದಡಿ ಮೂರು ಸ್ನಾಯುಪದರಗಳಿವೆ. ಹೊರಪದರದ ಎಳೆಗಳು ಓರೆಯಾಗಿ ಹಿಂದಕ್ಕೆ ಇಳಿಯುತ್ತವೆ, ನಡುಪದರದವು ಮುಂದಕ್ಕೆ ಇಳಿಯುತ್ತವೆ, ಒಳಪದರದವು ನೆಟ್ಟಗೆ ಕೆಳಗಿಳಿಯುತ್ತವೆ. ಹೆಣೆದ ಬುಟ್ಟಿಯ ಬಲ ಇಲ್ಲಿಯದು. ಹೊಟ್ಟೆಯ ತಳದಲ್ಲಿ ಎದೆಯಿಂದ ಸೊಂಟದ ಮೂಳೆಯವರೆಗೆ ಎರಡು ನೇರ ಸ್ನಾಯುಗಳಿದ್ದು, ಅವುಗಳ ನಡುವಿನ ಗಟ್ಟಿ ನಾರಿನ ಗೆರೆಯಲ್ಲೇ ಹೊಕ್ಕುಳಿದೆ. ದನ, ಕುದುರೆಗಳಲ್ಲಿ ಇವೆಲ್ಲವನ್ನೂ ಹೊರಗಿನಿಂದ ಹಿಡಿದಿಡಲು ಹಿಗ್ಗಿ ಕುಗ್ಗುವ ದಪ್ಪ ಹಳದಿ ಹೊದಿಕೆಯೊಂದಿದೆ. ನಾಯಿಯಲ್ಲಿ ಅದು ಅಷ್ಟು ಬೆಳೆದಿರುವುದಿಲ್ಲ. ಸಗಣಿ ಹಾಕುವಾಗ, ಕರು ಹಾಕುವಾಗ ತಿಣುಕುವ ಶಕ್ತಿಯೂ ಈ ಸ್ನಾಯುಗಳದೇ.

ಒಂದೇ ಗೋದಲಿಯಲ್ಲಿ ಕಟ್ಟಿದ ದನಗಳು ಹಾಯ್ದಾಡಿದಾಗ ಅಪಾಯ ಒದಗುವುದು ಇಲ್ಲಿಯೇ. ಚರ್ಮ ಹಿಗ್ಗಿ ಉಳಿದುಕೊಳ್ಳುತ್ತದೆ. ಕೊಂಬಿನ ಹೊಡೆತಕ್ಕೆ ಒಳಗಿನ ಸ್ನಾಯು ಹರಿಯುತ್ತದೆ. ಆ ಸಂದಿನಿಂದ ಕರುಳು ಚರ್ಮದಡಿಗೆ ಜಾರಿದರೆ ಹೊರಗೆ ಕಾಣುವುದು ಮೆತ್ತನೆಯ ಊತ ಮಾತ್ರ. ಅದನ್ನು ಕೀವು ತುಂಬಿದ ಕುರುವೆಂದು ಭಾವಿಸಿ ಕುಡುಗೋಲಿನ ಮೊನೆ ತಾಗಿಸಿದರೆ ಸೀಳುವುದು ಕರುಳು. ಬರೆ ಹಾಕಿದರೂ ಹರಿದ ಸ್ನಾಯು ಕೂಡಿಕೊಳ್ಳದು. ಸುಟ್ಟ ಗಾಯವೊಂದು ಹೆಚ್ಚಾಗುತ್ತದೆ, ಅಷ್ಟೆ.

ಮೆಲ್ಲನೆ ಒತ್ತಿದಾಗ ಊತ ಒಳಸರಿದು, ಸಂದಿನ ಅಂಚು ಬೆರಳಿಗೆ ಸಿಕ್ಕರೆ ಅದು ಹರ್ನಿಯಾ ಎನ್ನಬಹುದು. ಕುರು ಸಾಮಾನ್ಯವಾಗಿ ಬಿಸಿಯಾಗಿ, ನೋವಿನಿಂದ ಕೂಡಿರುತ್ತದೆ. ಆದರೆ ಸಂದಿನಲ್ಲಿ ಸಿಕ್ಕಿಕೊಂಡ ಕರುಳೂ ಒಳಸರಿಯದು, ನೋಯುತ್ತದೆ. ಹೀಗಾಗಿ ಮನೆಯಲ್ಲಿಯೇ ತೀರ್ಮಾನಿಸುವುದು ಸಲ್ಲದು. ಎಳೆಗರುಗಳ ಹೊಕ್ಕುಳ ಊತಕ್ಕೂ ಇದೇ ಮಾತು. ಅಲ್ಲಿ ಸಣ್ಣ ರಂಧ್ರ ಕರು ಬೆಳೆದಂತೆ ಮುಚ್ಚಿಕೊಳ್ಳುವುದುಂಟು, ದೊಡ್ಡದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು.

ಊತದೊಡನೆ ದನ ಮೇವು ಬಿಟ್ಟು, ಸಗಣಿ ಹಾಕದೆ ಒದ್ದಾಡುತ್ತಿದ್ದರೆ ಮರುದಿನಕ್ಕೆ ಕಾಯದೆ ಪಶುವೈದ್ಯರನ್ನು ಕರೆಸಬೇಕು. ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆಮಾಡಬಹುದು. ವೈದ್ಯರು ಬರುವವರೆಗೆ ದನವನ್ನು ಬೇರೆಯಾಗಿ ಕಟ್ಟಿ, ಊತವನ್ನು ಉಜ್ಜದೆ ಬಿಡಬೇಕು.