ನಿಮಗಿದು ಗೊತ್ತೇ? ಪಾಳಿ, ಪಗಾರ, ಬಟವಾಡೆ

ಕೂಲಿ ಎಷ್ಟೆಂದು ಮಾತಾಡದೆ ಆಳನ್ನು ಕೆಲಸಕ್ಕೆ ಹಚ್ಚಿದಿರಿ. ಕೆಲಸ ಮುಗಿಯಿತು, ಈಗ ಕೊಡುವುದೆಷ್ಟು ಎಂದು ತಕರಾರು. ಬಸವಕಲ್ಯಾಣದಲ್ಲಿ ಈ ತಕರಾರಿಗೆ ಸುಮಾರು ಒಂಬೈನೂರು ವರ್ಷದ ಹಿಂದೆಯೇ ತೀರ್ಪು ಬರೆದಿಟ್ಟಾಗಿದೆ: ವ್ಯಾಪಾರವಿರಲಿ, ದನವಿರಲಿ, ಬೆಳೆಯಿರಲಿ, ಬಂದದ್ದರಲ್ಲಿ ಹತ್ತನೇ ಒಂದು ಪಾಲು ಆಳಿಗೆ. ಅಲ್ಲಿಂದ ಆಳಿದ ಆರನೇ ವಿಕ್ರಮಾದಿತ್ಯನ (1076–1126) ಆಸ್ಥಾನದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’ ಆಸ್ತಿ ಪಾಲಿನ ಗ್ರಂಥವೆಂದೇ ವಕೀಲರಿಗೆ ಪರಿಚಯ. ಅದು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಟೀಕೆ. ಆ ಸ್ಮೃತಿಯಲ್ಲಿ ಕೂಲಿಗೆಂದೇ ಒಂದು ಪ್ರಕರಣವಿದೆ, ಅದನ್ನು ಯಾರೂ ತೆರೆಯುವುದಿಲ್ಲ.

ತೆರೆದರೆ ಇಂದಿನ ಯಾವ ಕಂಪನಿಯ ನಿಯಮಾವಳಿಗೂ ಕಡಿಮೆಯಿಲ್ಲ. ಮುಂಗಡ ತಗೊಂಡು ಕೆಲಸ ಬಿಟ್ಟವನು ದುಪ್ಪಟ್ಟು ಹಿಂದಿರುಗಿಸಬೇಕು. ಒಪ್ಪಿದ್ದಕ್ಕಿಂತ ಹೆಚ್ಚು ದುಡಿದರೆ ಹೆಚ್ಚು ಕೊಡಬೇಕು, ಅಂದರೆ ಓವರ್‌ಟೈಮ್. ಇಬ್ಬರು ಸೇರಿ ಹಿಡಿದ ಕೆಲಸ ಮುಗಿಯದೆ ಉಳಿದರೆ ಯಾರು ಎಷ್ಟು ಮಾಡಿದರೋ ಅಷ್ಟರ ಕೂಲಿ. ಕೆಲಸದ ಸಾಮಾನಿನ ಜೋಪಾನ ಆಳಿನ ಹೊಣೆ. ನನಗೆ ಇಷ್ಟವಾದದ್ದು ಹೊರೆ ಹೊರುವವನ ಲೆಕ್ಕ. ಹೊರಡುವಾಗಲೇ ಒಲ್ಲೆ ಎಂದರೆ ಕೂಲಿಯ ಏಳನೇ ಒಂದು ಭಾಗ ದಂಡ, ದಾರಿ ಹಿಡಿದ ಮೇಲೆ ಬಿಟ್ಟರೆ ಕಾಲು ಭಾಗ, ನಡುದಾರಿಯಲ್ಲಿ ಬಿಟ್ಟರೆ ಪೂರ್ತಿ ಕೂಲಿ. ಕೊನೆಗೊಂದು ತುಂಡು ಮಾತು: ಬಿಡಿಸಿದ ಧಣಿಗೂ ಇದೇ ದಂಡ. ‘ನಾಳೆಯಿಂದ ಬರಬೇಡ’ ಎಂದು ಫೋನಿನಲ್ಲೇ ಹೇಳಿ ಕೈ ತೊಳೆದುಕೊಳ್ಳುವವರು ಈ ಸಾಲನ್ನು ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿಕೊಳ್ಳಬಹುದು.

*

ನಮ್ಮ ಹಾಜರಿ ಪುಸ್ತಕದ ಒಂದೇ ಹಾಳೆಯಲ್ಲಿ ಎಷ್ಟು ನಾಡಿನ ಮಾತಿದೆ ಗೊತ್ತೇ? ‘ಹಾಜರಿ’ ಅರಬ್ಬಿಯಿಂದ ಬಂತು, ‘ಮುಕಾದಮ್’ ಕೂಡ. ‘ಪಗಾರ’ ಪೋರ್ಚುಗೀಸರದು. ‘ಬಟವಾಡೆ’, ‘ಸೂಟಿ’ ಮರಾಠಿಯ ಕಡೆಯಿಂದ ದಾಟಿ ಬಂದವು. ‘ಕೂಲಿ’ ಮಾತ್ರ ನಮ್ಮದೇ.

*

ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಔಷಧ ಮತ್ತು ರಾಸಾಯನಿಕ ಘಟಕಗಳಿವೆ. ಇಂಥ ಕಡೆ ಬಾಯ್ಲರ್ ಮುಂದಿನ ಒಂದು ಕುರ್ಚಿ ಹಗಲು ರಾತ್ರಿ ಖಾಲಿ ಬೀಳಬಾರದು. ಒಂದು ಕುರ್ಚಿಗೆ ಎಷ್ಟು ಜನ ಬೇಕು? ಮೂರು ಪಾಳಿ, ಮೂವರು ಎನ್ನುವವರೇ ಹೆಚ್ಚು. ಅಲ್ಲೇ ಎಡವುವುದು. ವಾರಕ್ಕೆ 168 ತಾಸು, ಒಬ್ಬನ ಪಾಲಿಗೆ ಕಾನೂನಿನಂತೆ 48 ತಾಸು. ಭಾಗಿಸಿದರೆ ಮೂರೂವರೆ. ಇನ್ನು ಅವನ ಗಳಿಕೆ ರಜೆ ಇದೆ. ದುಡಿದ 20 ದಿನಕ್ಕೆ ಒಂದು ದಿನ, ವರ್ಷಕ್ಕೆ 15 ದಿನದ ಸುಮಾರು. ಹಬ್ಬ ಮತ್ತು ರಾಷ್ಟ್ರೀಯ ರಜೆ ಹತ್ತು. ಇವನ್ನು ಕಳೆದರೆ ಲೆಕ್ಕ 3.8ಕ್ಕೆ ಏರುತ್ತದೆ. ಜ್ವರ, ಮದುವೆ, ತಿಥಿ ಇನ್ನೂ ಹಿಡಿದಿಲ್ಲ. ಒಂದು ಕುರ್ಚಿಗೆ ನಾಲ್ವರು ಸಾಲದೆ ಬಂದರೂ ಅಚ್ಚರಿಯಿಲ್ಲ. ಮೂವರನ್ನೇ ಇಟ್ಟುಕೊಂಡು ‘ಜನ ಸಿಗುವುದಿಲ್ಲ’ ಎಂದು ಹಲುಬುವ ಧಣಿ ನಾಲ್ಕನೆಯವನ ಪಗಾರ ಉಳಿಸುತ್ತಿಲ್ಲ. ಓವರ್‌ಟೈಮಿಗೆ ದುಪ್ಪಟ್ಟು ದರ ಕೊಡಬೇಕು, ಆ ಲೆಕ್ಕದಲ್ಲಿ ನಾಲ್ಕನೆಯವನ ಕೆಲಸಕ್ಕೆ ಎರಡು ಪಗಾರ ಕೊಡುತ್ತಿದ್ದಾನೆ.

*

ಪುಣೆ, ಸೊಲ್ಲಾಪುರ ಕಡೆಯಿಂದ ಹೈದರಾಬಾದಿಗೆ ಹೋಗುವ 65ನೇ ನಂಬರಿನ ಹೆದ್ದಾರಿ ಬಸವಕಲ್ಯಾಣದ ಹೊರಗೆ ಸಸ್ತಾಪುರ ಬಂಗ್ಲಾ ಬಳಿ ಹಾಯುತ್ತದೆ. ಲಾರಿ ರಿಪೇರಿಯ ಜಾಗ. ಗಾಳಿಯಲ್ಲಿ ಗ್ರೀಸು, ವೆಲ್ಡಿಂಗಿನ ಹೊಗೆ, ಪಕ್ಕದ ಹೋಟೆಲಿನ ಚಹಾ. ಒಮ್ಮೆ ಅಲ್ಲೊಂದು ಪಂಕ್ಚರ್ ಅಂಗಡಿಯ ಮುಂದೆ ಕೂತಿದ್ದೆ. ಇದ್ದವನು ಒಬ್ಬನೇ ಉಸ್ತಾದ್. ಟೈರಿನಿಂದ ಟ್ಯೂಬ್ ಎಳೆದು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆಂದು ಬೆರಳಿಟ್ಟು ಹಿಡಿಯುತ್ತಿದ್ದ. ಹಿಂದೆ ಮೂರು ಲಾರಿ. ‘ಒಂದು ನಿಮಿಷ ಖಾಲಿ ಕೂಡಂಗಿಲ್ರೀ’ ಎಂದ, ಹೆಮ್ಮೆಯಿಂದಲೇ.

ಆ ಹೆಮ್ಮೆಯ ಬೆಲೆ ಎಷ್ಟು ಗೊತ್ತೇ? ಲಾರಿಗಳು ಹೊತ್ತುಗೊತ್ತಿಲ್ಲದೆ ಬರುತ್ತವೆ. ಒಂದೊಂದಕ್ಕೆ ಸರಾಸರಿ ಅರ್ಧ ತಾಸು ಹಿಡಿಯುತ್ತದೆ, ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ ಎಂದಿಟ್ಟುಕೊಳ್ಳಿ. ಉಸ್ತಾದ್ ದಿನದ ಅರ್ಧ ಹೊತ್ತು ಮಾತ್ರ ಕೆಲಸದಲ್ಲಿದ್ದರೆ ಬಂದ ಲಾರಿ ಸರಾಸರಿ ಅರ್ಧ ತಾಸು ಕಾಯಬೇಕು. ಅವನ ಹೊತ್ತಿನಲ್ಲಿ ನೂರಕ್ಕೆ 80 ಪಾಲು ತುಂಬಿದರೆ ಎರಡು ತಾಸು. 90 ತುಂಬಿದರೆ ನಾಲ್ಕೂವರೆ ತಾಸು. ಆಳು ಪೂರ್ತಿ ದುಡಿಯುತ್ತಿದ್ದಾನೆಂದರೆ ಗಿರಾಕಿ ಪೂರ್ತಿ ಕಾಯುತ್ತಿದ್ದಾನೆಂದೇ ಅರ್ಥ. ಈಗ ಇನ್ನೊಬ್ಬ ಹುಡುಗನನ್ನು ಇಟ್ಟರೆ ಕಾಯುವ ಹೊತ್ತು ಅರ್ಧಕ್ಕೆ ಇಳಿದೀತು ಎಂದು ಯಾರಾದರೂ ಅಂದಾಜು ಹಾಕುತ್ತಾರೆ. ಲಾರಿ ಅಷ್ಟೇ ಬರುತ್ತಿದ್ದು, ಹುಡುಗನ ಕೈ ಉಸ್ತಾದನಷ್ಟೇ ಓಡಿದರೆ, ಲೆಕ್ಕ ಹೇಳುವುದು ನಾಲ್ಕೂವರೆ ತಾಸಿನಿಂದ ಎಂಟು ನಿಮಿಷಕ್ಕೆ! ಸಾಲಿನ ಈ ಗಣಿತಕ್ಕೆ ಅಡಿಪಾಯ ಹಾಕಿದವನು ಡೆನ್ಮಾರ್ಕಿನ ಎರ್ಲಾಂಗ್. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದುಕೊಂಡು, ಎಷ್ಟು ಕರೆಗೆ ಎಷ್ಟು ಆಪರೇಟರು ಬೇಕೆಂದು ಲೆಕ್ಕ ಹಾಕುತ್ತ 1909ರಲ್ಲಿ ಮೊದಲ ಲೇಖನ ಬರೆದ. ಇಂದಿನ ಕಾಲ್ ಸೆಂಟರುಗಳಲ್ಲಿ ಪಾಳಿ ಹಾಕುವ ಲೆಕ್ಕದ ಬೇರೂ ಅದೇ.

ಉಸ್ತಾದನಿಗೆ ಇದನ್ನು ಹೇಳಲಿಲ್ಲ. ಅವನ ಕೈ ನೀರಿನಲ್ಲಿತ್ತು.

*

2018ರವರೆಗೆ ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರ್ ಇರಲೇಬೇಕೆಂಬ ನಿಯಮವಿತ್ತು. ಆ ವರ್ಷ ಅದನ್ನು ತೆಗೆದರು.

*

ಬೀಡು, ಲಾತೂರು ಕಡೆಯ ಕಬ್ಬು ಕಡಿಯುವವರಲ್ಲಿ ‘ಒಂದು ಕೊಯ್ತಾ’ ಎಂದರೆ ಒಂದು ಕತ್ತಿಯಲ್ಲ, ಒಬ್ಬ ಆಳೂ ಅಲ್ಲ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಒಬ್ಬನೇ ಬಂದರೆ ‘ಅರ್ಧಾ ಕೊಯ್ತಾ’. ಮುಕಾದಮ್ ಹಂಗಾಮಿಗೆ ಮೊದಲೇ ‘ಉಚಲ್’ ಎಂಬ ಮುಂಗಡ ಕೊಟ್ಟು ಜೋಡಿಗಳನ್ನು ಕಟ್ಟಿಹಾಕುತ್ತಾನೆ. ಇಂಥ ಟೋಳಿಗಳು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಕರ್ನಾಟಕದ ಕಬ್ಬಿನ ಸೀಮೆಗೂ ಗುಳೆ ಬರುತ್ತವೆ.

ಇಲ್ಲಿ ಪಾಳಿಯನ್ನು ನಿರ್ಧರಿಸುವುದು ಗಡಿಯಾರವಲ್ಲ, ಕಬ್ಬಿನೊಳಗಿನ ರಸ. ಕಡಿದ ಕಬ್ಬು ದಿನದೊಳಗೆ ಗಾಣಕ್ಕೆ ಬೀಳಬೇಕು. ತಡವಾದಷ್ಟೂ ತೂಕವೂ ಹೋಗುತ್ತದೆ, ಸಕ್ಕರೆಯೂ ಇಳಿಯುತ್ತದೆ. ಹುಮನಾಬಾದ್ ಸೀಮೆಯ ಹಳ್ಳಿಖೇಡದಲ್ಲಿ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ ಇರುವ ಕಾರಣ ಇಲ್ಲಿನ ರೈತರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಕಾರ್ಖಾನೆ, ಲಾರಿ, ಗದ್ದೆ, ಟೋಳಿ ನಾಲ್ಕೂ ಒಂದೇ ತಾಳಕ್ಕೆ ಕುಣಿಯಬೇಕು. ಒಂದು ತಪ್ಪಿದರೆ ಉಳಿದ ಮೂರೂ ಸುಮ್ಮನೆ ನಿಲ್ಲುತ್ತವೆ.

ಹೀಗೆ ಬಿಗಿದ ವೇಳಾಪಟ್ಟಿಯಲ್ಲಿ ಒಂದು ದಿನ ತಪ್ಪಿಸಿದರೆ ‘ಖಾಡಾ’, ಅಂದರೆ ದಂಡ. ಮುಟ್ಟಿನ ನೋವಿನ ದಿನವೂ ಖಾಡಾವೇ. ಬೀಡು ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳು ಗರ್ಭಕೋಶ ತೆಗೆಸಿಕೊಳ್ಳುತ್ತಿದ್ದಾರೆಂಬ ಸುದ್ದಿ 2019ರಲ್ಲಿ ದೇಶವೆಲ್ಲ ಹಬ್ಬಿತು. ಮಹಾರಾಷ್ಟ್ರ ಸರ್ಕಾರದ ಸಮಿತಿ ಸಮೀಕ್ಷೆ ಮಾಡಿದ 82,309 ಹೆಂಗಸರಲ್ಲಿ 13,861 ಮಂದಿಗೆ ಆ ಶಸ್ತ್ರಚಿಕಿತ್ಸೆ ಆಗಿತ್ತು. ರಜೆಗೆ ಜಾಗವಿಲ್ಲದ ವೇಳಾಪಟ್ಟಿಯ ಲೆಕ್ಕ ಎಲ್ಲಿಯವರೆಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ. ಬೀಡು ನಮಗೆ ದೂರದ ಊರೇನಲ್ಲ.

*

ವಚನಕಾರರಲ್ಲಿ ಹೆಚ್ಚಿನವರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರು. ಅಂಬಿಗರ ಚೌಡಯ್ಯ ತನ್ನ ಕಸುಬು ಮತ್ತು ತನ್ನ ಹೆಸರನ್ನೇ ಅಂಕಿತವಾಗಿಟ್ಟುಕೊಂಡ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಹಗ್ಗ ಹೊಸೆಯುವವನು, ಬಟ್ಟೆ ಒಗೆಯುವವನು, ಬುಟ್ಟಿ ಹೆಣೆಯುವವನು, ದನ ಕಾಯುವವನು, ನೂಲುವವಳು ಎಲ್ಲರೂ ಕಸುಬಿನ ಹೆಸರಿನೊಂದಿಗೇ ನೆನಪಿನಲ್ಲಿ ಉಳಿದರು. ನಿತ್ಯದ ದುಡಿಮೆ ಎಷ್ಟಿರಬೇಕೆಂಬ ಪ್ರಶ್ನೆಯನ್ನು ಮನೆಯೊಳಗೇ ಎತ್ತಿದವಳು ಆಯ್ದಕ್ಕಿ ಲಕ್ಕಮ್ಮ. ಬಸವಣ್ಣನವರ ಅಂಗಳದಲ್ಲಿ ಉದುರಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದಳು ಲಕ್ಕಮ್ಮ. ಪರಂಪರೆ ಹೇಳುವ ಕಥೆಯಿದು. ಭಕ್ತಿಯ ಪಾಠವೆಂದು ಮಕ್ಕಳಿಗೆ ಹೇಳುತ್ತೇವೆ. ಟಾರ್ಗೆಟ್ ಮೀರಿದ್ದಕ್ಕೆ ಬೈಸಿಕೊಂಡ ನೌಕರ ನಮ್ಮ ಸಾಹಿತ್ಯದಲ್ಲಿ ಮಾರಯ್ಯನೊಬ್ಬನೇ ಇರಬೇಕು.

*

ಭಾನುವಾರದ ಸೂಟಿ ಆಕಾಶದಿಂದ ಇಳಿದದ್ದಲ್ಲ. ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದ ಮೇಲೆ ಮುಂಬಯಿಯ ಗಿರಣಿ ಮಾಲೀಕರು 1890ರ ಜೂನ್ 10ರಂದು ವಾರಕ್ಕೊಂದು ದಿನ ಬಿಡುವು ಒಪ್ಪಿದರು.

ವಾರಕ್ಕೆ 48 ತಾಸೆಂಬ ಗೆರೆಗೂ ಹಾಗೇ ಒಂದು ಹಿನ್ನೆಲೆಯಿದೆ. 1934ರ ಕಾನೂನಿನಲ್ಲಿ ಅದು 54 ಇತ್ತು. 1946ರ ತಿದ್ದುಪಡಿ 48ಕ್ಕೆ ಇಳಿಸಿತು. ಮಸೂದೆ ಮಂಡಿಸಿದ್ದು ವೈಸರಾಯ್ ಕೌನ್ಸಿಲಿನ ಕಾರ್ಮಿಕ ಸದಸ್ಯರಾಗಿದ್ದ ಡಾ. ಅಂಬೇಡ್ಕರ್. ಆದರೆ ಅದು ಬ್ರಿಟಿಷ್ ಇಂಡಿಯಾದ ಕಾನೂನು, ಕಲ್ಯಾಣಿ ಮತ್ತು ಹುಮನಾಬಾದ್ ಆಗ ನಿಜಾಮನ ಸೀಮೆ. ಬಸವಕಲ್ಯಾಣಕ್ಕೆ ‘ಬಸವ’ ಕೂಡ ಇನ್ನೂ ಸೇರಿರಲಿಲ್ಲ. ಹೈದರಾಬಾದ್ ಸಂಸ್ಥಾನ ಒಕ್ಕೂಟಕ್ಕೆ ಬಂದದ್ದು 1948ರ ಸೆಪ್ಟೆಂಬರಿನಲ್ಲಿ. ಸ್ವತಂತ್ರ ಭಾರತದ ಕಾರ್ಖಾನೆ ಕಾಯ್ದೆ ಸಿದ್ಧವಾದದ್ದೂ ಅದೇ ವರ್ಷ.

*

ನಿಜಾಮನ ಸರ್ಕಾರ 1932ರಲ್ಲಿ ಬಸ್ಸು ಬಿಟ್ಟಾಗ ಇದ್ದದ್ದು 27 ಗಾಡಿ, 166 ಜನ. ಒಂದು ಬಸ್ಸಿಗೆ ಆರು ಕೈ! ಓಡಿಸುವವನು ಒಬ್ಬ, ಚೀಟಿ ಹರಿಯುವವನು ಒಬ್ಬ ಎಂದಷ್ಟೇ ನಮಗೆ ಕಾಣುವುದು. ಡಿಪೋದ ಒಳಗೆ ತೊಳೆಯುವವನು, ಬೋಲ್ಟು ಬಿಗಿಯುವವನು, ಲೆಕ್ಕ ಬರೆಯುವವನು, ರಜೆಯ ಬದಲಿಗೆ ನಿಲ್ಲುವವನು ಲೆಕ್ಕಕ್ಕೆ ಬರುತ್ತಾರೆ. ಬಸ್ಸು ತಡವಾದಾಗ ಕಂಡಕ್ಟರನನ್ನು ಬೈಯುವ ಮುಂಚೆ ಆ ಉಳಿದ ನಾಲ್ವರನ್ನೂ ನೆನೆಯಬಹುದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಐದು ತಾಸು ದುಡಿದ ಮೇಲೆ ಅರ್ಧ ತಾಸು ವಿಶ್ರಾಂತಿ ಕೊಡಬೇಕೆಂದಿತ್ತು. ಡ್ರೈವರ್ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿದಾಗ ಗೊಣಗುವವರಿಗೆ ಹೇಳಲು ಇದು ಸಾಕು.

*

ದಿನಗೂಲಿಯವನ ಬಟವಾಡೆ ಪಾಳಿ ಮುಗಿಯುವ ಹೊತ್ತಿಗೆ, ವಾರದವನದು ವಾರದ ಕೊನೆಯ ಕೆಲಸದ ದಿನ, ತಿಂಗಳಿನವನದು ಮುಂದಿನ ತಿಂಗಳ 7ನೇ ತಾರೀಖಿನೊಳಗೆ. ಬಿಟ್ಟು ಹೋದವನಿಗೆ ಎರಡು ಕೆಲಸದ ದಿನದೊಳಗೆ. 2019ರ ವೇತನ ಸಂಹಿತೆಯ ಮಾತಿದು, ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ‘ಸೇಠ್ ಊರಿಗೆ ಹೋಗ್ಯಾರ’ ಎಂಬ ಕಾರಣ ಅದರಲ್ಲಿ ಎಲ್ಲೂ ಬರೆದಿಲ್ಲ.

*

ಕರ್ನಾಟಕದ ಕಾರ್ಖಾನೆಗಳಲ್ಲಿ ಐದು ರಜೆ ಕಾನೂನೇ ಗೊತ್ತುಮಾಡಿದ್ದು: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಇನ್ನೈದು ಹಬ್ಬದ ರಜೆ ಯಾವುವೆಂದು ಮಾಲೀಕರೂ ಕಾರ್ಮಿಕರೂ ಕೂತು ಆರಿಸಿಕೊಳ್ಳಬಹುದು. 1963ರ ಕಾಯ್ದೆ.

ಪಾಳಿಪಟ್ಟಿ ಹಾಕುವವನಿಗೆ ಊರು ಗೊತ್ತಿದೆಯೋ ಇಲ್ಲವೋ ಎಂಬುದು ಈ ಐದರಲ್ಲಿ ಬಯಲಾಗುತ್ತದೆ. ಹುಮನಾಬಾದಿನಲ್ಲಿ ಜನವರಿಯ ವೀರಭದ್ರೇಶ್ವರ ಜಾತ್ರೆಗೆ ಜನ ನಿಲ್ಲುವುದಿಲ್ಲ. ಮಾಣಿಕನಗರದಲ್ಲಿ ದತ್ತ ಜಯಂತಿ ಇದೆ, ಕಲ್ಯಾಣದಲ್ಲಿ ಬಸವ ಜಯಂತಿ. ಈದ್ ಪ್ರತಿವರ್ಷ ಹನ್ನೊಂದು ದಿನದಷ್ಟು ಹಿಂದಕ್ಕೆ ಸರಿಯುತ್ತ ಬರುತ್ತದೆ. ಸೋಯಾ ರಾಶಿಯ ದಿನಗಳಲ್ಲಿ ಗ್ಯಾರೇಜಿನ ಹೆಲ್ಪರ್ ಹುಡುಗ ಅಪ್ಪನ ಹೊಲದಲ್ಲಿರುತ್ತಾನೆ, ಫೋನು ಎತ್ತುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ಎಳ್ಳ ಅಮಾವಾಸ್ಯೆ. ಬೆಂಗಳೂರಿನಿಂದ ಬಂದ ಮ್ಯಾನೇಜರಿಗೆ ಅದು ಕ್ಯಾಲೆಂಡರಿನ ಒಂದು ಕಪ್ಪು ಚುಕ್ಕೆ. ಬೀದರ್ ಸೀಮೆಗೆ ಅದು ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುವ ದಿನ. ಬಜಾರು ಬಿಕೋ ಎನ್ನುತ್ತದೆ. ಹೊಲ ಇಲ್ಲದವನು ಗೆಳೆಯನ ಹೊಲಕ್ಕೆ ಹೋಗುತ್ತಾನೆ. ಆ ದಿನ ಪೂರ್ತಿ ಪಾಳಿ ಹಾಕಿದವನು ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಒಬ್ಬನೇ ಕೂರಬೇಕಾಗುತ್ತದೆ.

2024ರಲ್ಲಿ ಅದು ಡಿಸೆಂಬರ್ 30ಕ್ಕೆ ಬಂತು, 2025ರಲ್ಲಿ ಡಿಸೆಂಬರ್ 19ಕ್ಕೆ. ಹಾಗಾದರೆ 2026ರಲ್ಲಿ? ಜನವರಿಯಿಂದ ಡಿಸೆಂಬರಿನವರೆಗೆ ಹುಡುಕಿದರೂ ಸಿಗುವುದಿಲ್ಲ. ಆ ವರ್ಷ ಅಧಿಕ ಜ್ಯೇಷ್ಠ ಬಂದು ಆಮೇಲಿನ ಹಬ್ಬಗಳನ್ನೆಲ್ಲ ಒಂದು ತಿಂಗಳು ಮುಂದಕ್ಕೆ ತಳ್ಳುವುದರಿಂದ ಎಳ್ಳ ಅಮಾವಾಸ್ಯೆ ಬರುವುದು 2027ರ ಜನವರಿ 7ಕ್ಕೆ, ಗುರುವಾರ.