ಆಟದ ಎಂಜಿನ್: ಸ್ವಂತದ್ದೋ, ಬಾಡಿಗೆಯದೋ?

ಉಡುಪಿಯ 99 ಗೇಮ್ಸ್ ಸಂಸ್ಥೆ 2014ರಲ್ಲಿ ಹೊರತಂದ ‘ಸ್ಟಾರ್ ಶೆಫ್’, ಮೊಬೈಲ್ ಆಟಗಳ ಉದ್ಯಮಕ್ಕೆ ಮಹಾನಗರವೇ ಬೇಕಿಲ್ಲವೆಂದು ತೋರಿಸಿತು. ಕಾರ್ಕಳ, ಮಣಿಪಾಲಗಳಲ್ಲಿ ಇಂತಹ ಉದ್ಯಮಕ್ಕಿಳಿಯುವವರು ಮೊದಲು ಇತ್ಯರ್ಥಗೊಳಿಸಬೇಕಾದುದು ಎಂಜಿನ್‌ನ ಪ್ರಶ್ನೆ. ದೃಶ್ಯ, ಚಲನೆ, ಧ್ವನಿಗಳನ್ನು ನಡೆಸುವ ಈ ಮೂಲ ತಂತ್ರಾಂಶವನ್ನು ಸ್ವತಃ ರಚಿಸಲು ವರ್ಷಗಳ ವೇತನ ವ್ಯಯವಾಗುತ್ತದೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್‌ನಂತಹ ಬೃಹತ್ ಸಂಸ್ಥೆಯೇ 2022ರಲ್ಲಿ ತನ್ನ ಮುಂದಿನ ಆಟಗಳಿಗೆ ಅನ್‌ರಿಯಲ್ ಎಂಜಿನ್ ಬಳಸುವುದಾಗಿ ಘೋಷಿಸಿತು.

ಆದರೆ ಪರರ ಎಂಜಿನ್‌ನ ದರವೂ ಪರರ ಕೈಯಲ್ಲೇ. ನಿಗದಿತ ಮಿತಿ ದಾಟಿದ ಆಟಗಳ ಪ್ರತಿ ಹೊಸ ಅಳವಡಿಕೆಗೂ ಶುಲ್ಕ ವಿಧಿಸುವುದಾಗಿ ಯೂನಿಟಿ ಸಂಸ್ಥೆ 2023ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿ, ತೀವ್ರ ವಿರೋಧದ ಬಳಿಕ ಮರುವರ್ಷ ಅದನ್ನು ಕೈಬಿಟ್ಟಿತು. ಉಚಿತ ಆಟಗಳಿಗೆ ಬಳಕೆದಾರರು ಅಸಂಖ್ಯ, ಹಣ ತೆರುವವರು ವಿರಳ. ಅವುಗಳಿಗೆ ಇಂತಹ ಶುಲ್ಕ ಬಹುಭಾರವೇ ಸರಿ.

ಸಣ್ಣ ಸಂಸ್ಥೆಗೆ ಸಿದ್ಧ ಎಂಜಿನ್ನೇ ಲೇಸು. ಆದರೂ ಕರಾರಿನ ನಿಬಂಧನೆಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಶುಲ್ಕವಿಲ್ಲದ ಮುಕ್ತ ಎಂಜಿನ್ ಗೊಡೋದಂತಹ ಪರ್ಯಾಯವನ್ನೂ ಅರಿತಿರುವುದು ವ್ಯವಹಾರ ವಿವೇಕ.