ಹಠ ಬೇರೆ, ಶಿಸ್ತು ಬೇರೆ: ಸಂತ ಇಗ್ನಾಸಿಯವರ ಹಬ್ಬದ ಚಿಂತನೆ



ಜುಲೈ 31ರಂದು ಧರ್ಮಸಭೆಯು ಯೇಸುಸಭೆಯ ಸ್ಥಾಪಕರಾದ ಲೊಯೋಲದ ಸಂತ ಇಗ್ನಾಸಿಯವರ ಹಬ್ಬವನ್ನು ಆಚರಿಸುತ್ತದೆ. ನಮ್ಮ ಹಿರಿಯರು ಮಕ್ಕಳಿಗೆ ಪ್ರೀತಿಯಿಂದ ಇಟ್ಟ ಇನ್ನಾಸಪ್ಪ, ಇನ್ನಾಸಮ್ಮ ಎಂಬ ಹೆಸರುಗಳು ಈ ಸಂತರಿಂದಲೇ ಬಂದವು. ಆ ದಿನದ ಬಲಿಪೂಜೆಯಲ್ಲಿ ಓದುವ ಶುಭಸಂದೇಶ ಸಂತ ಲೂಕರದು, 14ನೇ ಅಧ್ಯಾಯ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕದಿದ್ದರೆ ಏನಾದೀತು ಎಂದು ಯೇಸುಸ್ವಾಮಿ ಅಲ್ಲಿ ಕೇಳುತ್ತಾರೆ. ಈ ಸಾಮತಿಗೆ ಹೆಚ್ಚಿನ ವಿವರಣೆ ಬೇಕಿಲ್ಲ. ನಮ್ಮ ಊರುಗಳಲ್ಲಿ ಅಂಥ ಮನೆಗಳನ್ನು ನೋಡಿದ್ದೇವೆ. ಪಾಯ ಆಗಿದೆ, ಗೋಡೆ ಕಿಟಕಿಯ ಮಟ್ಟಕ್ಕೆ ಬಂದು ನಿಂತಿದೆ, ಕಂಬಿಗಳು ತುಕ್ಕು ಹಿಡಿದಿವೆ, ಒಳಗೆ ಎಕ್ಕದ ಗಿಡ ಬೆಳೆದಿದೆ. ಪಾಯ ಆಶೀರ್ವದಿಸಲು ಗುರುಗಳನ್ನು ಕರೆದ ದಿನದ ಸಂಭ್ರಮ ಮಾತ್ರ ಎಲ್ಲರಿಗೂ ನೆನಪಿದೆ.

ನಮ್ಮ ಸಂಕಲ್ಪಗಳ ಕಥೆಯೂ ಬಹುಮಟ್ಟಿಗೆ ಇದೇ. ಧ್ಯಾನಕೂಟದ ಕೊನೆಯ ದಿನ ಕಣ್ಣೀರಿಟ್ಟು ಕುಡಿತ ಬಿಡುತ್ತೇನೆಂದವರು, ತಪಸ್ಸುಕಾಲದ ಬೂದಿ ಬುಧವಾರ ದಿನವೂ ಬೈಬಲ್ ಓದುತ್ತೇನೆಂದು ಮಾತು ಕೊಟ್ಟವರು, ಎಸ್‌ಎಸ್‌ಎಲ್‌ಸಿಯಲ್ಲಿ ಶೇಕಡಾ 90 ಎಂದು ಚೀಟಿ ಬರೆದು ಗೋಡೆಗೆ ಅಂಟಿಸಿದ ಮಕ್ಕಳು. ಇವರಾರೂ ಆ ದಿನ ಸುಳ್ಳು ಹೇಳಲಿಲ್ಲ. ಮನಸ್ಸಿದ್ದರೆ ಮಾರ್ಗ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇವರಿಗೆ ಮನಸ್ಸಿತ್ತು, ಆದರೂ ಮಾರ್ಗ ಅರ್ಧದಲ್ಲೇ ನಿಂತಿತು. ಇದೇಕೆ ಎಂಬುದಕ್ಕೆ ಇಗ್ನಾಸಿಯವರ ಬದುಕಿನಲ್ಲಿ ಉತ್ತರವಿದೆ.

1521ರ ಮೇ 20ರಂದು ಪಾಂಪ್ಲೋನ ಕೋಟೆಯ ಕದನದಲ್ಲಿ ಫಿರಂಗಿ ಗುಂಡು ತಗುಲಿ ಅವರ ಬಲಗಾಲು ಮುರಿಯಿತು. ಮನೆಗೆ ಹೊತ್ತು ತಂದರು. ಮೂಳೆ ಸರಿಯಾಗಿ ಕೂಡದೆ ಮಂಡಿಯ ಕೆಳಗೆ ಉಬ್ಬಿಕೊಂಡು ನಿಂತಿತು. ಆಸ್ಥಾನದ ಯುವಕರು ತೊಡುತ್ತಿದ್ದ ಬಿಗಿಯಾದ ಬೂಟು ಆ ಕಾಲಿಗೆ ಏರದು ಎಂಬ ಒಂದೇ ಕಾರಣಕ್ಕೆ ಅವರು ಆ ಮೂಳೆಯನ್ನು ಗರಗಸದಿಂದ ಕೊಯ್ಯಿಸಿಕೊಂಡರು. ಅರಿವಳಿಕೆ ಮದ್ದು ಇಲ್ಲದ ಕಾಲ. ಮುಷ್ಟಿ ಬಿಗಿ ಹಿಡಿದುದು ಬಿಟ್ಟರೆ ಅವರು ನೋವು ತೋರಿಸಲಿಲ್ಲ. ಇಲ್ಲಿ ಒಂದು ಕ್ಷಣ ನಿಲ್ಲೋಣ. ಇಷ್ಟು ಗಟ್ಟಿ ಮನೋಬಲ ಅವರಿಗೆ ಮನಪರಿವರ್ತನೆಗೆ ಮುಂಚೆಯೇ ಇತ್ತು, ಅದೂ ಒಂದು ಬೂಟಿಗಾಗಿ! ಮನೋಬಲವೇ ಶಿಸ್ತು ಆಗಿದ್ದರೆ ಅವರು ಕಲಿಯಬೇಕಾದುದು ಏನೂ ಉಳಿದಿರಲಿಲ್ಲ.

ಹಾಸಿಗೆಯಲ್ಲಿದ್ದಾಗ ಓದಲು ಸಿಕ್ಕಿದ್ದು ಕ್ರಿಸ್ತರ ಜೀವನ ಮತ್ತು ಸಂತರ ಚರಿತ್ರೆ. ಗುರಿ ಬದಲಾಯಿತು, ಹಠ ಮಾತ್ರ ಹಾಗೇ ಉಳಿಯಿತು. 1522ರಲ್ಲಿ ಮನ್ರೇಸ ಎಂಬ ಊರಿನಲ್ಲಿ ಅವರು ದಿನಕ್ಕೆ 7 ಗಂಟೆ ಮೊಣಕಾಲೂರಿ ಪ್ರಾರ್ಥಿಸಿದರು, ಕೂದಲು ಉಗುರು ಕತ್ತರಿಸದೆ ಬಿಟ್ಟರು, ಒಂದು ವಾರ ಪೂರ್ತಿ ಅನ್ನ ನೀರು ಮುಟ್ಟಲಿಲ್ಲ. ಫಲವೇನು? ಮನಸ್ಸಿನ ತಳಮಳ ಇಳಿಯಲಿಲ್ಲ, ಪ್ರಾಣ ಬಿಡುವ ಯೋಚನೆಯೂ ಸುಳಿಯಿತು. ಪಾಪನಿವೇದನೆ ಕೇಳುತ್ತಿದ್ದ ಗುರುಗಳು ಉಪವಾಸ ಮುರಿಯುವಂತೆ ಆಜ್ಞಾಪಿಸಿದರು, ಅವರು ವಿಧೇಯರಾದರು. ಮುಂದೆ ಕೂದಲು ಉಗುರುಗಳನ್ನೂ ಕತ್ತರಿಸಿಕೊಂಡರು. ಸಂತರ ಚರಿತ್ರೆಗಳಲ್ಲಿ ಉಪವಾಸದ ಪುಟವನ್ನು ದೊಡ್ಡದಾಗಿ ಓದಿ, ಉಗುರು ಕತ್ತರಿಸಿದ ಸಾಲನ್ನು ನಾವು ಹಾರಿಸಿಬಿಡುತ್ತೇವೆ.

ನಿಜವಾದ ಶಿಸ್ತಿನ ಪಾಠ ಅವರಿಗೆ ದೊರೆತದ್ದು ಲತೀನ್ ವ್ಯಾಕರಣದ ತರಗತಿಯಲ್ಲಿ. ಜೆರುಸಲೇಮಿನ ಯಾತ್ರೆ ಮುಗಿಸಿ ಬಂದ ಮೇಲೆ, ಜನರ ಆತ್ಮಗಳಿಗೆ ನೆರವಾಗಬೇಕಾದರೆ ವಿದ್ಯೆ ಬೇಕು ಎಂಬುದು ಅವರಿಗೆ ಸ್ಪಷ್ಟವಾಯಿತು. 1524ರಲ್ಲಿ, ಸುಮಾರು 33ನೇ ವಯಸ್ಸಿನಲ್ಲಿ, ಬಾರ್ಸಿಲೋನದಲ್ಲಿ ಜೆರೊನಿಮೊ ಆರ್ದೆವೊಲ್ ಎಂಬ ಉಪಾಧ್ಯಾಯರ ಬಳಿ ಮೊದಲ ಪಾಠದಿಂದ ಆರಂಭಿಸಿದರು. ಆದರೆ ವ್ಯಾಕರಣ ಬಾಯಿಪಾಠಕ್ಕೆ ಕುಳಿತ ಕೂಡಲೇ ದೈವಿಕ ವಿಷಯಗಳ ಸಿಹಿಯಾದ ಆಲೋಚನೆಗಳು ಮುತ್ತಿಕೊಳ್ಳುತ್ತಿದ್ದವು. ಪಾಠ ತಲೆಗೆ ಹತ್ತುತ್ತಿರಲಿಲ್ಲ. ಬೇರೆಯವರಾಗಿದ್ದರೆ ಇದನ್ನು ದೇವರ ವರವೆಂದೇ ತಿಳಿದು ಪುಸ್ತಕ ಮುಚ್ಚುತ್ತಿದ್ದರು. ಇಗ್ನಾಸಿಯವರು ಯೋಚಿಸಿದರು: ಪ್ರಾರ್ಥನೆಯ ಹೊತ್ತಿನಲ್ಲಿ, ಬಲಿಪೂಜೆಯಲ್ಲಿ ಬಾರದ ಈ ಆಲೋಚನೆಗಳು ಪಾಠದ ಹೊತ್ತಿನಲ್ಲೇ ಏಕೆ ಬರುತ್ತವೆ? ಇದು ಶೋಧನೆ ಎಂದು ಅವರಿಗೆ ತಿಳಿಯಿತು. ಉಪಾಧ್ಯಾಯರನ್ನು ಸಾಂತಾ ಮರಿಯಾ ದೆಲ್ ಮಾರ್ ದೇವಾಲಯಕ್ಕೆ ಕರೆದೊಯ್ದು ಎಲ್ಲವನ್ನೂ ಹೇಳಿದರು. ಬಾರ್ಸಿಲೋನದಲ್ಲಿ ರೊಟ್ಟಿ ಮತ್ತು ನೀರು ಸಿಗುವವರೆಗೆ ಈ 2 ವರ್ಷ ನಿಮ್ಮ ಪಾಠಕ್ಕೆ ತಪ್ಪದೆ ಕಿವಿಗೊಡುತ್ತೇನೆ ಎಂದು ಮಾತು ಕೊಟ್ಟರು. ಬಾರ್ಸಿಲೋನದಲ್ಲಿ ಆ ಶೋಧನೆ ಮತ್ತೆ ಕಾಡಲಿಲ್ಲ. ಮನ್ರೇಸದಲ್ಲೂ ಹೀಗೇ ಆಗಿತ್ತು. ಮಲಗುವ ಹೊತ್ತಿಗೆ ದೊಡ್ಡ ದೊಡ್ಡ ಜ್ಞಾನೋದಯಗಳು ಬಂದು ನಿದ್ದೆ ಕೆಡಿಸುತ್ತಿದ್ದಾಗ, ದೇವರಿಗೆ ಮೀಸಲಾದ ಹೊತ್ತು ಬೇರೆ ಇದೆಯೆಂದು ಅವರು ನಿದ್ದೆಯನ್ನೇ ಆರಿಸಿಕೊಂಡರು.

ಗುರಿಯಿಂದ ನಮ್ಮನ್ನು ತಪ್ಪಿಸುವುದು ಯಾವಾಗಲೂ ಕೆಟ್ಟದ್ದೇ ಆಗಿರಬೇಕಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬರುವ ಒಳ್ಳೆಯದೂ ಆಗಿರಬಹುದು. ಗಣಿತದ ಪರೀಕ್ಷೆಯ ಹಿಂದಿನ ಸಂಜೆ ಗಾಯನವೃಂದದ ಅಭ್ಯಾಸಕ್ಕೆ ಓಡಿಬರುವ ಹುಡುಗನನ್ನು ನಾವು ಭಕ್ತನೆಂದು ಹೊಗಳುತ್ತೇವೆ. ಅವನು ಓಡಿಬರುತ್ತಿರುವುದು ದೇವರ ಕಡೆಗೋ, ಗಣಿತದಿಂದ ದೂರವೋ ಎಂದು ಕೇಳುವವರಿಲ್ಲ. ಮಕ್ಕಳು ಊಟಕ್ಕೆ ಕಾದು ಕುಳಿತಿರುವಾಗ ಮೊಬೈಲಿನಲ್ಲಿ ಒಂದರ ಹಿಂದೆ ಒಂದು ಪ್ರಬೋಧನೆ ಕೇಳುವುದೂ ಅದೇ ಜಾತಿಗೆ ಸೇರಿದ್ದು. ಧರ್ಮಕೇಂದ್ರದ ಗುರುಗಳೇ ಹೀಗೆ ಹೇಳಬಹುದೇ ಎಂದು ಕೆಲವರು ಕೇಳಿಯಾರು. ಗುರುಗಳಾದ ನಾವೇ ಹೇಳಬೇಕು.

ಮುಂದಿನ ದಾರಿಯೂ ನೆಟ್ಟಗಿರಲಿಲ್ಲ. ಅಲ್ಕಲಾ, ಸಲಮಾಂಕ ಊರುಗಳಲ್ಲಿ ಅವಸರದಿಂದ ಓದಿದ್ದು ಗಟ್ಟಿಯಾಗಿರಲಿಲ್ಲ. 1528ರಲ್ಲಿ ಪ್ಯಾರಿಸಿಗೆ ಬಂದು ಮತ್ತೆ ಹುಡುಗರ ಜೊತೆ ಲತೀನ್ ಪಾಠಕ್ಕೆ ಕುಳಿತರು. 1535ರಲ್ಲಿ ಅವರಿಗೆ ಎಂ.ಎ. ಪದವಿ ಸಿಕ್ಕಿತು. ಮೊದಲ ಪಾಠದಿಂದ ಅಲ್ಲಿಗೆ 11 ವರ್ಷ. ಹಿಡಿದ ಕೆಲಸವನ್ನು ಮೊದಲಕ್ಷರದಿಂದ ಕಲಿಯುವ ಈ ರೂಢಿ ಅವರ ಸಭೆಗೂ ಬಂತು. 17ನೇ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ನಮ್ಮ ಕನ್ನಡವನ್ನು ಹೀಗೆಯೇ ಕಲಿತು ಅದಕ್ಕೆ ವ್ಯಾಕರಣ ಬರೆದರು.

ದಿನನಿತ್ಯ ಇದನ್ನು ಹೇಗೆ ಸಾಧಿಸುವುದು? ಇಗ್ನಾಸಿಯವರ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಕಿರು ಪುಸ್ತಕ 1548ರಲ್ಲಿ ಮುದ್ರಣವಾಯಿತು. ಅದರಲ್ಲಿ ಒಂದು ಸರಳ ವಿಧಾನವಿದೆ. ಎಲ್ಲ ದೋಷಗಳನ್ನೂ ಒಟ್ಟಿಗೆ ಹಿಡಿಯಬೇಡಿ, ಒಂದನ್ನು ಆರಿಸಿಕೊಳ್ಳಿ. ಬೆಳಿಗ್ಗೆ ಎದ್ದೊಡನೆ ಅದನ್ನು ನೆನೆದು ಎಚ್ಚರ ತಂದುಕೊಳ್ಳಿ. ಮಧ್ಯಾಹ್ನದ ಊಟದ ಬಳಿಕ ಎದ್ದಾಗಿನಿಂದ ಗಂಟೆ ಗಂಟೆಯ ಲೆಕ್ಕ ನೋಡಿ, ಎಷ್ಟು ಸಲ ಬಿದ್ದಿರೋ ಅಷ್ಟು ಚುಕ್ಕೆಗಳನ್ನು ಒಂದು ಗೆರೆಯ ಮೇಲೆ ಇಡಿ. ರಾತ್ರಿ ಊಟದ ಬಳಿಕ ಎರಡನೆಯ ಗೆರೆ. ದಿನಕ್ಕೆ 2 ಗೆರೆ, ವಾರಕ್ಕೆ 14. ಆಮೇಲೆ ಗೆರೆಗೆ ಗೆರೆ, ದಿನಕ್ಕೆ ದಿನ, ವಾರಕ್ಕೆ ವಾರ ಹೋಲಿಸಿ ನೋಡುವುದು. ನಡುವೆ ಬಿದ್ದಾಗಲೆಲ್ಲ ಎದೆಯ ಮೇಲೆ ಕೈಯಿಟ್ಟು ಮರುಗಬೇಕು. ಹತ್ತು ಜನರ ಮಧ್ಯೆ ಇದ್ದರೂ ಯಾರಿಗೂ ತಿಳಿಯದಂತೆ ಇದನ್ನು ಮಾಡಬಹುದು ಎಂದೂ ಅವರು ಬರೆದಿದ್ದಾರೆ.

ಈ ವಿಧಾನದಲ್ಲಿ ಬೀಳುವುದಕ್ಕೂ ಜಾಗವಿದೆ ಎಂಬುದನ್ನು ಗಮನಿಸಿ. ಬಿದ್ದರೆ ಒಂದು ಚುಕ್ಕೆ, ಅಷ್ಟೇ. ನಮ್ಮ ಸಂಕಲ್ಪಗಳು ಮುರಿಯುವುದು ಮೊದಲ ಸೋಲಿನಲ್ಲಲ್ಲ, ಆ ಸೋಲಿನ ಮರುದಿನ. ಒಮ್ಮೆ ಕೆಟ್ಟಿತಲ್ಲ, ಇನ್ನೇನು ಎಂದು ಕೈಬಿಡುತ್ತೇವೆ. ಹಠಕ್ಕೆ ಎರಡನೆಯ ದಿನವಿಲ್ಲ. ನಿನ್ನೆ 9 ಚುಕ್ಕೆ, ಇಂದು 7 ಎಂದು ಎಣಿಸುವವನಿಗೆ ನಾಳೆಯೂ ಇದೆ.

ಹೆತ್ತವರಿಗೆ ಒಂದು ಮಾತು. ಶಿಸ್ತಿನ ಹೆಸರಿನಲ್ಲಿ ಮಗುವಿನ ಊಟ, ನಿದ್ದೆ, ಆಟಗಳನ್ನು ಕಿತ್ತುಕೊಳ್ಳುವ ಮನೆಗಳು ನಮ್ಮಲ್ಲಿವೆ. ಮೈಯನ್ನು ದಂಡಿಸಿ ಆರೋಗ್ಯ ಕೆಡಿಸಿಕೊಂಡಿದ್ದ ಇಗ್ನಾಸಿಯವರು 1548ರಲ್ಲಿ ಫ್ರಾನ್ಸಿಸ್ ಬೋರ್ಜ ಅವರಿಗೆ ಬರೆದ ಪತ್ರದಲ್ಲಿ, ಉಪವಾಸ ಮತ್ತು ದಂಡನೆಗಳನ್ನು ತಗ್ಗಿಸಿ ದೇಹವನ್ನು ದೇವರ ಸೇವೆಗೆ ಗಟ್ಟಿಯಾಗಿ ಇಟ್ಟುಕೊಳ್ಳಲು ಹೇಳಿದರು. ಮಗುವಿನ ಪುಸ್ತಕದಲ್ಲಿ ಚುಕ್ಕೆ ಇಡಬೇಕಾದದ್ದು ಮಗುವೇ, ತಾಯಿತಂದೆಯರಲ್ಲ.

ಕುಡಿತಕ್ಕೆ ದಾಸರಾದವರಿಗೆ ಗೆರೆಯ ಪುಸ್ತಕವೊಂದೇ ಸಾಲದು. ಅದು ರೋಗವೂ ಹೌದು, ವೈದ್ಯರು ಬೇಕು, ಕುಡಿತ ಬಿಟ್ಟವರ ಸಂಗ ಬೇಕು. ದಿಢೀರನೆ ಬಿಟ್ಟರೆ ಕೆಲವರಿಗೆ ಜೀವಕ್ಕೇ ಅಪಾಯವಿರುವುದರಿಂದ ಧ್ಯಾನಕೂಟದಿಂದ ನೇರವಾಗಿ ಆಸ್ಪತ್ರೆಗೆ ಹೋಗಲು ಸಂಕೋಚ ಬೇಡ. ಇಗ್ನಾಸಿಯವರೂ ತಮ್ಮ ಶೋಧನೆಯನ್ನು ಉಪಾಧ್ಯಾಯರ ಮುಂದೆ ಬಾಯಿಬಿಟ್ಟು ಹೇಳಿದ ಮೇಲೆಯೇ ಅದರಿಂದ ಬಿಡುಗಡೆ ಹೊಂದಿದರು. ಉಳಿದವರು 2 ರೂಪಾಯಿಯ ಪೆನ್ನು, ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆ ಹಿಡಿದು ಈ ಹಬ್ಬದಿಂದ ಒಂದು ವಾರ ಗೆರೆ ಎಳೆದು ನೋಡಬಹುದು. ಆ ಹಾಳೆಯನ್ನು ಯಾರಿಗೂ ತೋರಿಸಬೇಕಾಗಿಲ್ಲ. ಗಂಡನ ಹಾಳೆಯನ್ನು ಹೆಂಡತಿಯೂ, ಹೆಂಡತಿಯದನ್ನು ಗಂಡನೂ ತೆಗೆದು ಎಣಿಸದಿದ್ದರೆ ಸಾಕು.